ಹೊಸ ವೈಡ್ ರಿಸೀವರ್ ಎನ್‌ಎಫ್‌ಎಲ್‌ನಲ್ಲಿ ನೆಲೆ ನಿಲ್ಲುತ್ತಾನಾ? ಅಂದಾಜು ಕಟ್ಟುವ ಬಗೆ

ಏಪ್ರಿಲ್ ಕೊನೆಯಲ್ಲಿ ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟ್ (ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವುದು) ಮುಗಿಯುವುದೇ ತಡ, ಆಯ್ಕೆಯಾದ ಪ್ರತಿ ವೈಡ್ ರಿಸೀವರ್ (ಮುಂದೆ ಓಡಿ, ಎಸೆದ ಚೆಂಡು ಹಿಡಿಯುವವನು) ಬಗ್ಗೆಯೂ ಭವಿಷ್ಯ ಹೇಳುವವರು ಸಾಲುಗಟ್ಟುತ್ತಾರೆ. ಒಬ್ಬರಿಗೆ ಅವನು ರಿಸೀವರ್‌ಗಳ ದಂತಕಥೆ ಜೆರ್ರಿ ರೈಸ್‌ನ ಮುಂದಿನ ಅವತಾರ, ಇನ್ನೊಬ್ಬರಿಗೆ ದಂಡಕ್ಕೆ ಹಾಕಿದ ದುಡ್ಡು. ಎರಡರಿಂದಲೂ ಉಪಯೋಗವಿಲ್ಲ. ಫ್ಯಾಂಟಸಿ ಲೀಗ್ ಆಡುವವರಿಗಾಗಲಿ, ಆಟವನ್ನು ಗಂಭೀರವಾಗಿ ನೋಡುವವರಿಗಾಗಲಿ ಬೇಕಾದದ್ದು ನೂರಕ್ಕೆ ಇಷ್ಟು ಎನ್ನುವ ಅಂಕಿ, ಮತ್ತು ಹೊಸ ಮಾಹಿತಿ ಬಂದಾಗ ಅದನ್ನು ಎಷ್ಟು ಮೇಲೆ ಕೆಳಗೆ ಮಾಡಬೇಕೆಂಬ ಲೆಕ್ಕ. ಹೆಚ್ಚಿನವರು ಎಡವುವುದು ಈ "ಎಷ್ಟು" ಎನ್ನುವ ಕಡೆ. ಒಂದು ಓಟದ ಸಮಯ, ಒಂದು ಕೈಯ ಕ್ಯಾಚ್‌ನ ಒಂದು ವಿಡಿಯೊ ಅಥವಾ ಒಂದು ಕೆಟ್ಟ ಪಂದ್ಯ ಕಂಡರೆ ಸಾಕು, ಅಂದಾಜು ಇಪ್ಪತ್ತರಿಂದ ಎಂಬತ್ತಕ್ಕೆ ಜಿಗಿದುಬಿಡುತ್ತದೆ.

ಯಶಸ್ಸು ಎಂದರೇನು ಎಂದು ಮೊದಲೇ ಬರೆದಿಡಿ

ಇದನ್ನು ಮಾಡದೆ ಮುಂದೆ ಹೋದರೆ ಎಲ್ಲವೂ ಅಡ್ಡಗೋಡೆಯ ಮೇಲಿಟ್ಟ ದೀಪವಾಗುತ್ತದೆ. ಆಮೇಲೆ ಫಲಿತಾಂಶ ಏನೇ ಬಂದರೂ "ನಾನು ಹೇಳಿರಲಿಲ್ಲವೇ" ಎನ್ನಬಹುದು. ಸುಲಭದ ಅಳತೆ ಎಂದರೆ, ಮೊದಲ ಮೂರು ಸೀಸನ್‌ಗಳಲ್ಲಿ ಒಮ್ಮೆಯಾದರೂ 1,000 ರಿಸೀವಿಂಗ್ ಯಾರ್ಡ್ (ಚೆಂಡು ಹಿಡಿದು ತಂಡವನ್ನು ಮುಂದಕ್ಕೊಯ್ದ ದೂರ) ದಾಟಿದನೇ ಎಂಬುದು. ಇದಕ್ಕೂ ಲೋಪಗಳಿವೆ. 2021ರಿಂದ ಸೀಸನ್‌ಗೆ 17 ಪಂದ್ಯ, ಅದಕ್ಕೂ ಮೊದಲು 16. ಆಗ ಸಾವಿರಕ್ಕೆ ಪಂದ್ಯವೊಂದಕ್ಕೆ 62.5 ಯಾರ್ಡ್ ಬೇಕಿತ್ತು, ಈಗ 58.8 ಸಾಕು. ಹಳಬರನ್ನೂ ಹೊಸಬರನ್ನೂ ಒಂದೇ ಪಟ್ಟಿಯಲ್ಲಿ ಹಾಕುವುದಾದರೆ ಪಂದ್ಯದ ಸರಾಸರಿಯನ್ನೇ ಬಳಸಿ.

ಅಳತೆಗೋಲು ಬದಲಾದರೆ ಫಲಿತಾಂಶ ಎಷ್ಟು ಬದಲಾಗುತ್ತದೆ ಎಂಬುದಕ್ಕೆ 2014ರಿಂದ 2017ರವರೆಗಿನ ನಾಲ್ಕು ಡ್ರಾಫ್ಟ್‌ಗಳ ಮೊದಲ ಸುತ್ತನ್ನೇ ನೋಡಿ. ಆ ನಾಲ್ಕು ವರ್ಷಗಳಲ್ಲಿ ಮೊದಲ ಸುತ್ತಿನಲ್ಲಿ ಆಯ್ಕೆಯಾದ ವೈಡ್ ರಿಸೀವರ್‌ಗಳು ಒಟ್ಟು 18. 2014ರ ಐವರೂ (ಸ್ಯಾಮಿ ವಾಟ್ಕಿನ್ಸ್, ಮೈಕ್ ಇವಾನ್ಸ್, ಒಡೆಲ್ ಬೆಕಮ್ ಜೂನಿಯರ್, ಬ್ರ್ಯಾಂಡಿನ್ ಕುಕ್ಸ್, ಕೆಲ್ವಿನ್ ಬೆಂಜಮಿನ್) ಸಾವಿರ ದಾಟಿದರು. 2015ರ ಆರು ಮಂದಿಯಲ್ಲಿ ದಾಟಿದ್ದು ಅಮಾರಿ ಕೂಪರ್ ಮತ್ತು ಡೆವಾಂಟೆ ಪಾರ್ಕರ್ ಇಬ್ಬರೇ. 2016ರ ನಾಲ್ವರಲ್ಲಿ ಒಬ್ಬರೂ ಇಲ್ಲ. 2017ರ ಮೂವರಲ್ಲಿ ಮೈಕ್ ವಿಲಿಯಮ್ಸ್ ಒಬ್ಬನೇ. ಅಲ್ಲಿಗೆ 18ಕ್ಕೆ 8. ಪಾರ್ಕರ್ ಸಾವಿರ ದಾಟಿದ್ದು ಐದನೇ ಸೀಸನ್‌ನಲ್ಲಿ, 2019ರಲ್ಲಿ. ಹಾಗಾಗಿ "ಮೂರು ವರ್ಷದೊಳಗೆ" ಎಂಬ ಷರತ್ತು ಹಾಕಿದರೆ ಎಂಟು ಏಳಾಗುತ್ತದೆ. ಇತ್ತ ಬೆಂಜಮಿನ್ ರೂಕಿ ವರ್ಷದಲ್ಲಿ, ಅಂದರೆ ಎನ್‌ಎಫ್‌ಎಲ್‌ನ ಮೊದಲ ವರ್ಷದಲ್ಲಿ, 1,008 ಯಾರ್ಡ್ ಗಳಿಸಿ, ಮತ್ತೆಂದೂ ಸಾವಿರ ಮುಟ್ಟಲಿಲ್ಲ. ನಮ್ಮ ಲೆಕ್ಕದಲ್ಲಿ ಅವನು ಪಾಸ್. ಇದು ಸರಿಯಲ್ಲ ಅನಿಸಿದರೆ "ಎರಡು ಬಾರಿ ಸಾವಿರ" ಎಂದು ಬಿಗಿ ಮಾಡಿಕೊಳ್ಳಿ. ಯಾವುದನ್ನು ಆರಿಸಿಕೊಂಡರೂ ಸರಿ, ನಡುವೆ ಬದಲಾಯಿಸಬೇಡಿ.

ಅದೇ ಪಟ್ಟಿಯಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. 32 ತಂಡಗಳ ಸ್ಕೌಟ್‌ಗಳು ವರ್ಷಗಟ್ಟಲೆ ನೋಡಿ, ಕೋಟಿಗಟ್ಟಲೆ ಡಾಲರ್ ಸುರಿದು ಆರಿಸಿದವರಲ್ಲೇ ಅರ್ಧಕ್ಕಿಂತ ಹೆಚ್ಚು ಮಂದಿ ಈ ಸಾಧಾರಣ ಗೆರೆಯನ್ನೂ ದಾಟಲಿಲ್ಲ. ಮನೆಯಲ್ಲಿ ಕೂತು 90% ಖಚಿತ ಎನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಆರಂಭದ ಅಂಕಿ: ಎಷ್ಟನೇ ಆಯ್ಕೆ

ಒಂದೇ ಒಂದು ಮಾಹಿತಿ ಕೇಳುವ ಅವಕಾಶವಿದ್ದರೆ ಡ್ರಾಫ್ಟ್‌ನಲ್ಲಿ ಎಷ್ಟನೆಯವನಾಗಿ ಹೋದ ಎಂದು ಕೇಳಿ. ಅದರಲ್ಲಿ ಸ್ಕೌಟ್‌ಗಳ ಅಭಿಪ್ರಾಯವಿದೆ, ನಮಗೆ ಸಿಗದ ವೈದ್ಯಕೀಯ ವರದಿ ಇದೆ, ಸಂದರ್ಶನದ ಫಲಿತಾಂಶವಿದೆ. ಇನ್ನೊಂದು ಕಾರಣವನ್ನು ಹಲವರು ಮರೆಯುತ್ತಾರೆ: ಮೇಲಿನ ಆಯ್ಕೆ ತಾನೇ ಅವಕಾಶವನ್ನು ಹುಟ್ಟಿಸುತ್ತದೆ. ಮೊದಲ ಸುತ್ತಿನವನು ಎರಡು ವರ್ಷ ತಡವರಿಸಿದರೂ ಕೋಚ್ ಅವನನ್ನು ಕಣಕ್ಕಿಳಿಸುತ್ತಲೇ ಇರುತ್ತಾನೆ. ಆರನೇ ಸುತ್ತಿನವನು ಆಗಸ್ಟ್ ಅಭ್ಯಾಸ ಶಿಬಿರದಲ್ಲಿ ಎರಡು ವಾರ ಮುಗ್ಗರಿಸಿದರೆ ಮನೆಗೆ ಹೋಗುತ್ತಾನೆ.

ಕೆಲಸಕ್ಕೆ ಬಳಸಬಹುದಾದ ಆರಂಭದ ಅಂಕಿಗಳು ಹೀಗಿರಲಿ: ಮೊದಲ ಹತ್ತರೊಳಗೆ 55, ಮೊದಲ ಸುತ್ತಿನ ಉಳಿದವರಿಗೆ 40, ಎರಡನೇ ಸುತ್ತು 25, ಮೂರನೇ ಸುತ್ತು 12, ನಾಲ್ಕರಿಂದ ಏಳನೇ ಸುತ್ತಿನವರೆಗೆ 4. ಇವು ಶಾಸನವಲ್ಲ, ದುಂಡು ಮಾಡಿದ ಕೆಲಸದ ಅಂಕಿಗಳು. ನಿಮ್ಮ ಯಶಸ್ಸಿನ ಗೆರೆ ಬಿಗಿಯಾಗಿದ್ದರೆ ಎಲ್ಲವನ್ನೂ ಇಳಿಸಿ. ಹತ್ತು ವರ್ಷದ ಡ್ರಾಫ್ಟ್ ಪಟ್ಟಿ ತೆರೆದು ನೀವೇ ಎಣಿಸಿದರೆ ಇನ್ನೂ ಒಳ್ಳೆಯದು. ಅದು ಒಂದು ಸಂಜೆಯ ಕೆಲಸ.

ನಾಲ್ಕು ಎಂದರೆ ಸೊನ್ನೆಯಲ್ಲ. ಆಂಟೋನಿಯೊ ಬ್ರೌನ್ 195ನೇ ಆಯ್ಕೆ, ಪೂಕಾ ನಕುವಾ 177, ಟೈರೀಕ್ ಹಿಲ್ 165, ಸ್ಟೆಫಾನ್ ಡಿಗ್ಸ್ 146. ಆದರೆ ಈ ಹೆಸರುಗಳನ್ನು ಬಾಯಿಪಾಠ ಮಾಡಿಕೊಂಡವರು ಅದೇ ಸುತ್ತುಗಳಲ್ಲಿ ಬಂದು ಹೆಸರಿಲ್ಲದೆ ಹೋದ ನೂರಾರು ಮಂದಿಯನ್ನು ಎಣಿಸುವುದಿಲ್ಲ.

ಕಾಲೇಜಿನಲ್ಲಿ ತಂಡದ ಎಷ್ಟು ಪಾಲು, ಯಾವ ವಯಸ್ಸಿನಲ್ಲಿ

ಡ್ರಾಫ್ಟ್ ಸ್ಥಾನದ ನಂತರ ತೂಕವಿರುವುದು ಇದಕ್ಕೆ. ಬರೀ ಯಾರ್ಡ್‌ಗಳ ಮೊತ್ತ ಮೋಸ ಮಾಡುತ್ತದೆ, ಏಕೆಂದರೆ ಕೆಲವು ಕಾಲೇಜು ತಂಡಗಳು ಪಂದ್ಯಕ್ಕೆ ಐವತ್ತು ಬಾರಿ ಚೆಂಡು ಎಸೆದರೆ ಕೆಲವು ಇಪ್ಪತ್ತೈದೇ ಬಾರಿ ಎಸೆಯುತ್ತವೆ. ಆದ್ದರಿಂದ ಪಾಲನ್ನು ಲೆಕ್ಕ ಹಾಕಬೇಕು. ಇದಕ್ಕೆ ಡಾಮಿನೇಟರ್ ಎಂದು ಹೆಸರು. ತಂಡದ ಒಟ್ಟು ರಿಸೀವಿಂಗ್ ಯಾರ್ಡ್‌ಗಳಲ್ಲಿ ಅವನ ಪಾಲು ಎಷ್ಟು, ಒಟ್ಟು ರಿಸೀವಿಂಗ್ ಟಚ್‌ಡೌನ್‌ಗಳಲ್ಲಿ (ಚೆಂಡು ಹಿಡಿದು ಎದುರಾಳಿಯ ಕೊನೆಗೆರೆ ದಾಟಿದ್ದು) ಎಷ್ಟು, ಇವೆರಡರ ಸರಾಸರಿ ಅಷ್ಟೇ. ತಂಡದ್ದು 3,200 ಯಾರ್ಡ್, 25 ಟಚ್‌ಡೌನ್. ಅವನದು 960 ಯಾರ್ಡ್, 10 ಟಚ್‌ಡೌನ್ ಎಂದುಕೊಳ್ಳಿ. ಯಾರ್ಡ್ ಪಾಲು 30%, ಟಚ್‌ಡೌನ್ ಪಾಲು 40%, ಡಾಮಿನೇಟರ್ 35%. ಮೊದಲ ಬಾರಿ 20% ದಾಟಿದ ವಯಸ್ಸನ್ನು ಬ್ರೇಕೌಟ್ ವಯಸ್ಸು ಎನ್ನುತ್ತಾರೆ. 30% ದಾಟಿದರೆ ಗಟ್ಟಿ ಆಟಗಾರ.

ಟಚ್‌ಡೌನ್‌ಗಳು ವರ್ಷದಿಂದ ವರ್ಷಕ್ಕೆ ಏರುಪೇರಾಗುತ್ತವೆ. ಆದ್ದರಿಂದ ಪಕ್ಕದಲ್ಲೇ ಎರಡನೇ ಅಂಕಿಯನ್ನೂ ಇಟ್ಟುಕೊಳ್ಳಿ: ಅವನ ಯಾರ್ಡ್‌ಗಳನ್ನು ತಂಡದ ಪಾಸ್ ಯತ್ನಗಳಿಂದ ಭಾಗಿಸಿ. ಮೇಲಿನ ತಂಡ 400 ಬಾರಿ ಎಸೆದಿದ್ದರೆ 960 ಭಾಗಿಸು 400, ಅಂದರೆ 2.4. 2.5ರ ಮೇಲೆ ಒಳ್ಳೆಯದು, 3 ಅಪರೂಪ. ಡಾಮಿನೇಟರ್ ಚೆನ್ನಾಗಿದ್ದು ಇದು ಕಳಪೆಯಾಗಿದ್ದರೆ, ಟಚ್‌ಡೌನ್‌ಗಳು ಅವನನ್ನು ಎತ್ತಿ ಹಿಡಿದಿವೆ ಎಂದರ್ಥ.

ವಯಸ್ಸಿಗೆ ಏಕಿಷ್ಟು ಮಹತ್ವ? 22ರ ಹುಡುಗ 18–19ರ ಡಿಫೆಂಡರ್‌ಗಳ ಎದುರು ಆಡುವಾಗ ಅವನ ಮೇಲುಗೈಯಲ್ಲಿ ಪ್ರತಿಭೆ ಎಷ್ಟು, ಬೆಳೆದ ಮೈಕಟ್ಟು ಎಷ್ಟು ಎಂದು ಬೇರ್ಪಡಿಸಲಾಗದು. 19ರ ಹುಡುಗ ತನಗಿಂತ ದೊಡ್ಡವರ ನಡುವೆ ಅದೇ ಕೆಲಸ ಮಾಡಿದರೆ ಅನುಮಾನ ಕಡಿಮೆ. 19ಕ್ಕೆ ಬ್ರೇಕೌಟ್ ಆದರೆ ಅಂಕಿ ಏರಲಿ, 20 ಸಾಮಾನ್ಯ, 21 ದಾಟಿದರೆ ಇಳಿಯಲಿ. ವಯಸ್ಸನ್ನು ಯಾವ ದಿನಕ್ಕೆ ಹಿಡಿಯಬೇಕೆಂಬುದಕ್ಕೆ ಒಂದು ದಿನ ಗೊತ್ತು ಮಾಡಿಕೊಳ್ಳಿ. ಸೆಪ್ಟೆಂಬರ್ 1 ಅನುಕೂಲ.

ಕೆವಿನ್ ವೈಟ್ ಪಾಠ ಇಲ್ಲೇ ಇದೆ. ಜೂನಿಯರ್ ಕಾಲೇಜಿನಿಂದ ವೆಸ್ಟ್ ವರ್ಜೀನಿಯಾಗೆ ಬಂದು 2013ರಲ್ಲಿ 35 ಕ್ಯಾಚ್, 507 ಯಾರ್ಡ್. ಮರುವರ್ಷ 22ರ ವಯಸ್ಸಿನಲ್ಲಿ 109 ಕ್ಯಾಚ್, 1,447 ಯಾರ್ಡ್. ಜೊತೆಗೆ 40 ಯಾರ್ಡ್‌ಗೆ 4.35 ಸೆಕೆಂಡಿನ ಓಟ. 2015ರಲ್ಲಿ ಏಳನೆಯವನಾಗಿ ಶಿಕಾಗೊ ಬೇರ್ಸ್ ಸೇರಿದ. ಮೊಣಕಾಲ ಕೆಳಗಿನ ಮೂಳೆಯ ಗಾಯದಿಂದ ಮೊದಲ ಸೀಸನ್ ಇಡೀ ಹೋಯಿತು, ಮುಂದಿನ ಎರಡೂ ಗಾಯಗಳಲ್ಲೇ ಹೋದವು. ಗಾಯವನ್ನು ಯಾವ ಲೆಕ್ಕವೂ ಹೇಳಲಾರದು, ನಿಜ. ಆದರೆ ಒಂದೇ ವರ್ಷದ, ಅದೂ ತಡವಾಗಿ ಬಂದ ಸಾಧನೆಯ ಮೇಲೆ ಏಳನೇ ಆಯ್ಕೆಯ ಭರವಸೆ ಕಟ್ಟಿದ್ದರು ಎಂಬುದೂ ನಿಜ.

ಪಾಲಿನ ಲೆಕ್ಕ ದಾರಿ ತಪ್ಪುವ ಜಾಗಗಳು ಮೂರು. ಹಸಿ ಅಂಕಿಯನ್ನು ಹಾಗೇ ನಂಬದೆ ಇವನ್ನು ತಿದ್ದಿಕೊಳ್ಳಬೇಕು.

ಮೊದಲನೆಯದು ಆಡದ ಪಂದ್ಯಗಳು. ನಕುವಾ 2022ರಲ್ಲಿ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ 13 ಪಂದ್ಯಗಳಲ್ಲಿ ಆಡಿದ್ದು 9. 48 ಕ್ಯಾಚ್, 625 ಯಾರ್ಡ್ ಎಂದು ಸೀಸನ್ ಮೊತ್ತ ನೋಡಿದರೆ ಸಾಧಾರಣ. ಪಂದ್ಯಕ್ಕೆ 69 ಯಾರ್ಡ್ ಎಂದು ನೋಡಿದರೆ ಮಾತೇ ಬೇರೆ. ಅವನು ಆಡಿದ ಪಂದ್ಯಗಳಲ್ಲಿನ ತಂಡದ ಮೊತ್ತವನ್ನು ಮಾತ್ರ ಛೇದಕ್ಕೆ ಹಾಕಿ.

ಎರಡನೆಯದು ಜೊತೆಗಾರರು. 2019ರ ಲೂಯಿಸಿಯಾನ ಸ್ಟೇಟ್ ತಂಡದಲ್ಲಿ ಜಮಾರ್ ಚೇಸ್ 1,780 ಯಾರ್ಡ್ ಹಾಗೂ 20 ಟಚ್‌ಡೌನ್, ಜಸ್ಟಿನ್ ಜೆಫರ್ಸನ್ 1,540 ಯಾರ್ಡ್ ಹಾಗೂ 18 ಟಚ್‌ಡೌನ್. ಒಂದೇ ಚೆಂಡನ್ನು ಇಬ್ಬರು ಹಂಚಿಕೊಂಡಾಗ ಪಾಲು ಇಳಿಯಲೇಬೇಕು. ಟೆರ್ರಿ ಮೆಕ್ಲಾರಿನ್ ಇದರ ತುತ್ತತುದಿ: ಒಹಾಯೊ ಸ್ಟೇಟ್‌ನ ಕೊನೆಯ ವರ್ಷದಲ್ಲೂ 35 ಕ್ಯಾಚ್, 701 ಯಾರ್ಡ್ ಅಷ್ಟೇ. ವಯಸ್ಸೂ ಜಾಸ್ತಿ. ಪಾಲು ನೋಡುವ ಯಾವ ಲೆಕ್ಕವೂ ಅವನನ್ನು ಹಿಡಿಯಲಿಲ್ಲ. 2019ರಲ್ಲಿ 76ನೆಯವನಾಗಿ ಬಂದು ಮೊದಲ ವರ್ಷವೇ 919 ಯಾರ್ಡ್ ಗಳಿಸಿದ. ಜೊತೆಗಾರರಲ್ಲಿ ಇಬ್ಬರು ಮೂವರು ಮೇಲಿನ ಸುತ್ತುಗಳಲ್ಲಿ ಡ್ರಾಫ್ಟ್ ಆಗಿದ್ದರೆ ಪಾಲಿನ ಕೊರತೆಯಲ್ಲಿ ಅರ್ಧವನ್ನು ಮನ್ನಿಸಿ. ಪೂರ್ತಿ ಮನ್ನಿಸಿದರೆ ದೊಡ್ಡ ಕಾಲೇಜಿನ ಪ್ರತಿ ಮೂರನೇ ರಿಸೀವರ್ ಕೂಡ ನಕ್ಷತ್ರವಾಗಿ ಕಾಣತೊಡಗುತ್ತಾನೆ.

ಮೂರನೆಯದು ಸ್ಕ್ರೀನ್ ಪಾಸ್. ಆಟ ಶುರುವಾಗುವ ಗೆರೆಯ ಹಿಂದೆಯೇ ಚೆಂಡು ಕೊಟ್ಟು, ಎದುರಿಗೆ ಇಬ್ಬರು ಜೊತೆಗಾರರನ್ನು ಅಡ್ಡ ನಿಲ್ಲಿಸಿ ಓಡಿಸುವುದು. ಕಾಲೇಜಿನಲ್ಲಿ ಇದರಿಂದ ರಾಶಿ ಯಾರ್ಡ್ ಸಿಗುತ್ತದೆ, ಎನ್‌ಎಫ್‌ಎಲ್‌ನಲ್ಲಿ ಆ ದಾರಿ ಬೇಗ ಮುಚ್ಚಿಕೊಳ್ಳುತ್ತದೆ. 2022ರ ಡ್ರಾಫ್ಟ್ ರಾತ್ರಿ ಟೆನೆಸಿ ಟೈಟನ್ಸ್ ತಂಡ ಎ.ಜೆ. ಬ್ರೌನ್‌ನನ್ನು ಫಿಲಡೆಲ್ಫಿಯಾಗೆ ಬಿಟ್ಟುಕೊಟ್ಟು, ಬದಲಿಗೆ ಬಂದ 18ನೇ ಆಯ್ಕೆಯಲ್ಲಿ ಟ್ರೇಲನ್ ಬರ್ಕ್ಸ್‌ನನ್ನು ತೆಗೆದುಕೊಂಡಿತು. ಅರ್ಕನ್ಸಾದಲ್ಲಿ ಬರ್ಕ್ಸ್ 1,104 ಯಾರ್ಡ್ ಗಳಿಸಿದ್ದ. ಅದರಲ್ಲಿ ಹೀಗೆ ಕೈಗಿಟ್ಟ ಚೆಂಡುಗಳು ಹೇರಳ. ರೂಕಿ ವರ್ಷ 33 ಕ್ಯಾಚ್, 444 ಯಾರ್ಡ್‌ಗೆ ನಿಂತಿತು. ಗೆರೆಯ ಹಿಂದಿನ ಕ್ಯಾಚ್‌ಗಳನ್ನು ಕಳೆದ ಮೇಲೆ ಏನು ಉಳಿಯುತ್ತದೆ ನೋಡಿ. ಎಸೆತದ ಸರಾಸರಿ ದೂರ ಆರೇಳು ಯಾರ್ಡ್‌ಗಿಂತ ಕಡಿಮೆಯಿದ್ದರೆ ಅನುಮಾನಿಸಿ.

ಬೇಗ ಕಾಲೇಜು ಬಿಡುವುದನ್ನು ಒಂದು ಕಾಲದಲ್ಲಿ ಒಳ್ಳೆಯ ಲಕ್ಷಣವೆಂದು ಹಿಡಿಯುತ್ತಿದ್ದೆವು. ಹೈಸ್ಕೂಲ್ ಮುಗಿದು ಮೂರು ವರ್ಷವಾದರೆ ಡ್ರಾಫ್ಟ್‌ಗೆ ಅರ್ಹತೆ ಬರುತ್ತದೆ, ಪ್ರತಿಭಾವಂತರು ಕಾಯುತ್ತಿರಲಿಲ್ಲ. 2021ರ ನಂತರ ಕಾಲೇಜು ಆಟಗಾರರು ತಮ್ಮ ಹೆಸರಿನ ಮೇಲೆ ಹಣ ಗಳಿಸಬಹುದಾದ್ದರಿಂದ, ನಾಲ್ಕನೇ ವರ್ಷ ಉಳಿಯುವುದು ದೌರ್ಬಲ್ಯದ ಗುರುತಾಗಿ ಉಳಿದಿಲ್ಲ. ಕೋವಿಡ್ ಕಾಲದಲ್ಲಿ ಸಿಕ್ಕ ಹೆಚ್ಚುವರಿ ವರ್ಷದಿಂದ 2021ರಿಂದೀಚೆಗಿನ ಕೆಲವು ಡ್ರಾಫ್ಟ್‌ಗಳಲ್ಲಿ ವಯಸ್ಸೂ ಹಿಗ್ಗಿದೆ. ಹಳೆಯ ಸೂತ್ರಗಳನ್ನು ಕಣ್ಣು ಮುಚ್ಚಿ ಬಳಸಬೇಡಿ.

ಓಟದ ಸಮಯಕ್ಕೆ ಎಷ್ಟು ಬೆಲೆ

ಕಡಿಮೆ. ಇಂಡಿಯಾನಾಪೊಲಿಸ್‌ನ ಕಂಬೈನ್‌ನಲ್ಲಿ (ಡ್ರಾಫ್ಟ್‌ಗೆ ಮುಂಚಿನ ದೈಹಿಕ ಪರೀಕ್ಷೆಗಳ ಶಿಬಿರ) 40 ಯಾರ್ಡ್ ಓಟಕ್ಕೆ ಸಿಗುವ ಪ್ರಚಾರಕ್ಕೂ ಅದು ಮುನ್ನುಡಿಯುವುದಕ್ಕೂ ತಾಳೆಯಿಲ್ಲ. ಜಾನ್ ರಾಸ್ 2017ರಲ್ಲಿ 4.22 ಸೆಕೆಂಡ್ ಓಡಿ ದಾಖಲೆ ಬರೆದ, ಒಂಬತ್ತನೆಯವನಾಗಿ ಹೋದ. ರೂಕಿ ವರ್ಷ ಒಂದೇ ಒಂದು ಕ್ಯಾಚ್ ಇಲ್ಲ. ಅನ್‌ಕ್ವಾನ್ ಬೋಲ್ಡಿನ್ 4.7 ಸೆಕೆಂಡ್ ಮೀರಿ ಓಡಿದ್ದ. 2003ರಲ್ಲಿ ತನ್ನ ಮೊದಲ ಪಂದ್ಯದಲ್ಲೇ 217 ಯಾರ್ಡ್, ಸೀಸನ್ ಮುಗಿಯುವಾಗ 101 ಕ್ಯಾಚ್. ಕೂಪರ್ ಕಪ್‌ನ ಓಟ 4.62, 2021ರಲ್ಲಿ ಅವನದು 145 ಕ್ಯಾಚ್, 1,947 ಯಾರ್ಡ್, 16 ಟಚ್‌ಡೌನ್.

ವೇಗದ ಲಾಭವನ್ನು ಡ್ರಾಫ್ಟ್ ಸ್ಥಾನ ಆಗಲೇ ನುಂಗಿರುತ್ತದೆ ಎಂಬುದು ಮುಖ್ಯ. 4.3 ಓಡಿದವನನ್ನು ತಂಡ ಅದಕ್ಕಾಗಿಯೇ ಮೇಲೆ ಆರಿಸಿದೆ. ನೀವು ಮತ್ತೆ ಅಂಕ ಕೊಟ್ಟರೆ ಒಂದೇ ಗುಣವನ್ನು ಎರಡು ಸಲ ಎಣಿಸಿದಂತೆ. ಆದ್ದರಿಂದ ಕಂಬೈನ್ ಅನ್ನು ಜರಡಿಯಾಗಿ ಬಳಸಿ: 4.6ಕ್ಕಿಂತ ನಿಧಾನವಿದ್ದು, ಜಿಗಿತವೂ ಕಳಪೆಯಿದ್ದು, ಪಾಲೂ ಸಾಧಾರಣವಿದ್ದರೆ ಮಾತ್ರ ಅಂಕ ಕಡಿಯಿರಿ. ತಿರುವಿನ ಪರೀಕ್ಷೆಗಳಿಗೂ ಇದೇ ಮಾತು. ಡಿ.ಕೆ. ಮೆಟ್‌ಕಾಫ್ ಮೂರು ಕೋನ್‌ಗಳ ಓಟಕ್ಕೆ 7.38 ಸೆಕೆಂಡ್ ತೆಗೆದುಕೊಂಡನೆಂದು ನಕ್ಕವರು ಬಹಳ. ಎರಡನೇ ಸುತ್ತಿನ ಕೊನೆಗೆ, 64ಕ್ಕೆ ಜಾರಿದವನು ಮೊದಲ ವರ್ಷವೇ 900 ಯಾರ್ಡ್ ಗಳಿಸಿದ. ತೂಕದ ವಿಚಾರದಲ್ಲಿ 180 ಪೌಂಡ್‌ಗಿಂತ ಕಡಿಮೆಯವರ ಬಗ್ಗೆ ಸ್ವಲ್ಪ ಎಚ್ಚರವಿರಲಿ, ಭಯ ಬೇಡ: 166 ಪೌಂಡ್ ತೂಗಿದ ಡೆವಾಂಟಾ ಸ್ಮಿತ್ 2021ರ ರೂಕಿ ವರ್ಷದಲ್ಲಿ 916 ಯಾರ್ಡ್ ಪಡೆದ.

ವಿಡಿಯೊದಲ್ಲಿ ಏನು ನೋಡಬೇಕು

ಹೈಲೈಟ್ ತುಣುಕುಗಳನ್ನು ಮುಚ್ಚಿಡಿ. ಅವುಗಳಲ್ಲಿ ಎಲ್ಲರೂ ಚೆನ್ನಾಗಿಯೇ ಆಡುತ್ತಾರೆ. ಮೂರು ಅಥವಾ ನಾಲ್ಕು ಪೂರ್ತಿ ಪಂದ್ಯ ಆರಿಸಿ, ಅದರಲ್ಲಿ ಎರಡಾದರೂ ಬಲವಾದ ಕಾರ್ನರ್‌ಬ್ಯಾಕ್‌ಗಳಿದ್ದ (ರಿಸೀವರ್‌ಗಳನ್ನು ಕಾಯುವ ಡಿಫೆಂಡರ್‌ಗಳು) ತಂಡದ ಎದುರಿನವಾಗಿರಲಿ. ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗುವುದರಿಂದ ರಿಸೀವರ್ ಚೌಕಟ್ಟಿನಿಂದ ಆಚೆ ಹೋಗುತ್ತಾನೆ. ಇಡೀ ಮೈದಾನ ತೋರಿಸುವ ಮೇಲಿನ ಕೋನದ ವಿಡಿಯೊ ಸಿಕ್ಕರೆ ಬಿಡಬೇಡಿ. ಸಿಗದಿದ್ದರೆ ಮೊದಲ ಐದು ಯಾರ್ಡ್‌ಗಳಿಗೇ ಗಮನ ಕೊಡಿ, ಅದಂತೂ ಕಾಣುತ್ತದೆ.

ಪ್ರತಿ ಆಟಕ್ಕೆ ಒಂದು ಸಾಲು ಬರೆಯಿರಿ: ಎಲ್ಲಿ ನಿಂತಿದ್ದ, ಹೊರ ಅಂಚಿನಲ್ಲೋ, ಒಳಬದಿಯ ಸ್ಲಾಟ್‌ನಲ್ಲೋ, ಎದುರಿನವನು ಮೈಮೇಲೆ ಬಂದು ನಿಂತಿದ್ದನೋ, ಏಳೆಂಟು ಯಾರ್ಡ್ ಹಿಂದಿದ್ದನೋ, ಯಾವ ರೂಟ್ (ಓಡಲು ಗೊತ್ತು ಮಾಡಿದ ದಾರಿ), ತಿರುವಿನ ನಂತರ ಎರಡು ಹೆಜ್ಜೆಗೆ ಇಬ್ಬರ ನಡುವೆ ಕೈಯಳತೆಗಿಂತ ಹೆಚ್ಚು ಅಂತರ ಸಿಕ್ಕಿತೋ ಇಲ್ಲವೋ. ಚೆಂಡು ಅವನ ಕಡೆ ಬಂತೇ ಎನ್ನುವುದು ಈ ಪಟ್ಟಿಯಲ್ಲಿ ಬೇಕಾಗಿಲ್ಲ. ಬೇರೆಯವರಿಗೆ ಚೆಂಡು ಹೋದ ಆಟಗಳಲ್ಲೇ ರಿಸೀವರ್‌ನ ನಿಜವಾದ ಗುಣ ಬಯಲಾಗುವುದು.

ಹತ್ತಿರದಿಂದ ಒಂದನ್ನು ನೋಡೋಣ. ರಿಸೀವರ್ ಹೊರಗೆ ನಿಂತಿದ್ದಾನೆ, ಡಿಫೆಂಡರ್ ಮೂಗಿಗೆ ಮೂಗು ತಾಗುವಷ್ಟು ಹತ್ತಿರ. ಚೆಂಡು ಕದಲಿದ ಕೂಡಲೇ ರಿಸೀವರ್‌ನ ಪಾದಗಳು ನಿಂತಲ್ಲೇ ಮೂರು ನಾಲ್ಕು ಸಲ ಬಡಿದರೆ ಅದು ನೋಡಲು ಚೆಂದ, ಆದರೆ ಸಮಯ ಹಾಳು, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಕಾಯುವುದಿಲ್ಲ. ಒಂದೇ ಹುಸಿ ಹೆಜ್ಜೆ, ಡಿಫೆಂಡರ್‌ನ ಸೊಂಟ ಆ ಕಡೆ ತಿರುಗುತ್ತಿದ್ದಂತೆ ಅವನ ಕೈಯನ್ನು ತಳ್ಳಿ ಈ ಕಡೆಯಿಂದ ನುಗ್ಗಿದರೆ ಅದು ವೃತ್ತಿಪರ ಆಟ. ಆಮೇಲೆ ತಿರುವು: ಹನ್ನೆರಡು ಯಾರ್ಡ್ ಪೂರ್ತಿ ವೇಗದಲ್ಲಿ ಓಡಿ, ಎರಡು ಮೂರು ಹೆಜ್ಜೆಗಳಲ್ಲಿ ಸೊಂಟ ಕುಗ್ಗಿಸಿ ನಿಲ್ಲುತ್ತಾನೆಯೇ, ಇಲ್ಲ ಐದಾರು ಪುಟ್ಟ ಹೆಜ್ಜೆ ಇಡುತ್ತಾ ಎದೆ ಎತ್ತಿ ನಿಧಾನವಾಗುತ್ತಾನೆಯೇ? ಎರಡನೆಯದಾದರೆ ತಿರುವು ಬರುವ ಮುಂಚೆಯೇ ಡಿಫೆಂಡರ್‌ಗೆ ಸುಳಿವು ಸಿಕ್ಕಿರುತ್ತದೆ.

ನಿಕೀಲ್ ಹ್ಯಾರಿಯ ಪ್ರಸಂಗದಲ್ಲಿ ಅಂಕಿಗಳು ಹೇಳದ್ದನ್ನು ವಿಡಿಯೊ ಹೇಳಿತ್ತು. ಅರಿಜೋನಾ ಸ್ಟೇಟ್‌ನಲ್ಲಿ ಸತತ ಎರಡು ವರ್ಷ ಸಾವಿರ ದಾಟಿದ್ದ, ವಯಸ್ಸು ಕಡಿಮೆ, ಮೈಕಟ್ಟು ಗಟ್ಟಿ. ಆದರೆ ಅವನ ಕ್ಯಾಚ್‌ಗಳಲ್ಲಿ ಬಹಳಷ್ಟು, ಮೈಗಂಟಿಕೊಂಡ ಡಿಫೆಂಡರ್‌ನ ತಲೆಯ ಮೇಲಿಂದ ಕಸಿದುಕೊಂಡವು. ಜನ ಅದನ್ನು ಶಕ್ತಿ ಎಂದರು. ಅದು ಅಂತರ ಸಿಗದಿರುವುದರ ಲಕ್ಷಣವೂ ಹೌದು. 2019ರಲ್ಲಿ 32ನೆಯವನಾಗಿ ನ್ಯೂ ಇಂಗ್ಲೆಂಡ್ ಸೇರಿ, ಗಾಯವೂ ಸೇರಿಕೊಂಡು, ರೂಕಿ ವರ್ಷ 12 ಕ್ಯಾಚ್, 105 ಯಾರ್ಡ್. ಡೀಬೊ ಸ್ಯಾಮ್ಯುಯೆಲ್, ಎ.ಜೆ. ಬ್ರೌನ್, ಮೆಟ್‌ಕಾಫ್ ಮೂವರೂ ಅವನ ನಂತರ ಹೋದವರು.

ಕೈಜಾರಿದ ಚೆಂಡುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 2021ರ ಆಗಸ್ಟ್‌ನಲ್ಲಿ ಜಮಾರ್ ಚೇಸ್ ಅಭ್ಯಾಸ ಪಂದ್ಯಗಳಲ್ಲಿ ಸಾಲಾಗಿ ಚೆಂಡು ಬಿಟ್ಟಾಗ ಎಲ್ಲೆಡೆ ಗುಲ್ಲೆದ್ದಿತು. ಆ ಸೀಸನ್ ಅವನು ಗಳಿಸಿದ್ದು 1,455 ಯಾರ್ಡ್, 13 ಟಚ್‌ಡೌನ್.

ತಂಡ, ಕ್ವಾರ್ಟರ್‌ಬ್ಯಾಕ್

ಯಾವ ತಂಡ ಸೇರಿದ ಎನ್ನುವುದಕ್ಕೆ ಮೊದಲ ವರ್ಷದ ಅಂಕಿಗಳಲ್ಲಿ ಪಾತ್ರವಿದೆ, ಮೂರು ವರ್ಷದ ಅಂದಾಜಿನಲ್ಲಿ ಅಷ್ಟಿಲ್ಲ. ಎನ್‌ಎಫ್‌ಎಲ್ ತಂಡಗಳು ವರ್ಷಕ್ಕೊಮ್ಮೆ ಮಗುಚಿ ಬೀಳುತ್ತವೆ. "ಅಲ್ಲಿ ಈಗಾಗಲೇ ಇಬ್ಬರು ಒಳ್ಳೆಯ ರಿಸೀವರ್‌ಗಳಿದ್ದಾರೆ" ಎಂಬ ಕಾರಣಕ್ಕೆ ಚೇಸ್‌ನನ್ನೂ, ಆಡಮ್ ಥೀಲೆನ್ ಇದ್ದ ಮಿನೆಸೋಟಾಗೆ ಹೋದ ಜೆಫರ್ಸನ್‌ನನ್ನೂ ಕಡೆಗಣಿಸಿದವರು ಕೈ ಸುಟ್ಟುಕೊಂಡರು. ಮೂರು ಅಂಕಕ್ಕಿಂತ ಹೆಚ್ಚು ಇಲ್ಲಿ ಕೂಡಿಸಬೇಡಿ, ಕಳೆಯಲೂಬೇಡಿ.

ಕೂಡಿಸುವ ಲೆಕ್ಕ

ಆರಂಭದ ಅಂಕಿಯಿಂದ ಹೊರಟು: ಪಾಲು ಮತ್ತು ವಯಸ್ಸಿಗೆ ಹೆಚ್ಚೆಂದರೆ 12 ಅಂಕ ಮೇಲೆ ಅಥವಾ ಕೆಳಗೆ, ವಿಡಿಯೊಗೆ 8, ಓಟ ಮತ್ತು ತೂಕಕ್ಕೆ 4, ತಂಡಕ್ಕೆ 3. ಮೂರನೇ ಸುತ್ತು ಮತ್ತು ಅದರ ಕೆಳಗಿನವರಿಗೆ ಇವೆಲ್ಲವನ್ನೂ ಅರ್ಧ ಮಾಡಿ, ಉತ್ತರ 2ಕ್ಕಿಂತ ಕೆಳಗೆ ಹೋಗದಿರಲಿ.

2020ರ ಒಂದು ಜೋಡಿಯ ಮೇಲೆ ಇದನ್ನು ಹಾಕಿ ನೋಡಿದರೆ ವಿಧಾನದ ಬಲವೂ ಮಿತಿಯೂ ಕಾಣುತ್ತವೆ. 21ನೆಯವನಾಗಿ ಜೇಲನ್ ರೇಗರ್ ಫಿಲಡೆಲ್ಫಿಯಾಗೆ, ಮರುಕ್ಷಣವೇ 22ನೆಯವನಾಗಿ ಜೆಫರ್ಸನ್ ಮಿನೆಸೋಟಾಗೆ. ಇಬ್ಬರಿಗೂ ಆರಂಭ 40. ರೇಗರ್ 2018ರಲ್ಲಿ 19ರ ವಯಸ್ಸಿಗೇ 72 ಕ್ಯಾಚ್, 1,061 ಯಾರ್ಡ್ ಗಳಿಸಿದ್ದ. ಜೆಫರ್ಸನ್ ಅದೇ ವರ್ಷ, ಅದೇ ವಯಸ್ಸಿನಲ್ಲಿ 54 ಕ್ಯಾಚ್, 875 ಯಾರ್ಡ್‌ನೊಂದಿಗೆ ತನ್ನ ತಂಡದ ಮೊದಲಿಗ. ಬೇರೆಯಾದದ್ದು 2019ರಲ್ಲಿ: ಜೆಫರ್ಸನ್ 1,540ಕ್ಕೆ ಏರಿದ, ರೇಗರ್ 43 ಕ್ಯಾಚ್, 611 ಯಾರ್ಡ್‌ಗೆ ಕುಸಿದ. ಕ್ವಾರ್ಟರ್‌ಬ್ಯಾಕ್ ಕೆಟ್ಟವನಿದ್ದ ಎಂಬ ಸಮಜಾಯಿಷಿ ಆಗ ಚಾಲ್ತಿಯಲ್ಲಿತ್ತು, ಅದರಲ್ಲಿ ಹುರುಳೂ ಇತ್ತು. ಅರ್ಧ ಮಾತ್ರ ಮನ್ನಿಸುವ ನಿಯಮ ಹಚ್ಚಿದರೆ ರೇಗರ್‌ಗೆ ಪಾಲು–ವಯಸ್ಸಿನಿಂದ 3 ಅಂಕ, ಜೆಫರ್ಸನ್‌ಗೆ 11. ಓಟದಲ್ಲಿ ಇಬ್ಬರೂ 4.4ರ ಆಸುಪಾಸು, ಅಂಕವಿಲ್ಲ. ಜೆಫರ್ಸನ್ ಕೊನೆಯ ವರ್ಷ ಬಹುತೇಕ ಸ್ಲಾಟ್‌ನಲ್ಲೇ ಆಡಿದ್ದರಿಂದ ಹೊರಗೆ ನಿಂತು ಆಡಬಲ್ಲನೇ ಎಂಬ ಶಂಕೆಯಿತ್ತು. ಒಳ್ಳೆಯ ರೂಟ್‌ಗಳಿಗೆ ಸಿಗಬೇಕಾದ ಅಂಕವನ್ನು ಅದು ತಿಂದುಹಾಕಿತು. ಕೊನೆಗೆ 43 ಮತ್ತು 51. ರೂಕಿ ವರ್ಷ ರೇಗರ್ 396 ಯಾರ್ಡ್, ಜೆಫರ್ಸನ್ 1,400. ವ್ಯತ್ಯಾಸದ ದಿಕ್ಕನ್ನು ಲೆಕ್ಕ ಸರಿಯಾಗಿ ಹೇಳಿತು, ಅದರ ಗಾತ್ರವನ್ನಲ್ಲ. ಡ್ರಾಫ್ಟ್ ದಿನ 51ಕ್ಕಿಂತ ಬಹಳ ಹೆಚ್ಚು ಹೇಳಲು ಆಧಾರವೂ ಇರಲಿಲ್ಲ.

ರೂಕಿ ಸೀಸನ್ ಶುರುವಾದ ಮೇಲೆ

ಇಲ್ಲಿಂದ ಕಾಲೇಜಿನ ಅಂಕಿಗಳ ತೂಕ ಬೇಗ ಇಳಿಯುತ್ತದೆ. ನೋಡಬೇಕಾದದ್ದು ಮೂರು. ತಂಡ ಪಾಸ್ ಆಡಿದಾಗಲೆಲ್ಲ ಅವನು ಎಷ್ಟು ಬಾರಿ ರೂಟ್ ಓಡಿದ. ಓಡಿದ ರೂಟ್‌ಗಳಲ್ಲಿ ಎಷ್ಟಕ್ಕೆ ಚೆಂಡು ಅವನತ್ತ ಬಂತು. ರೂಟ್ ಒಂದಕ್ಕೆ ಎಷ್ಟು ಯಾರ್ಡ್ ಗಳಿಸಿದ. 400 ರೂಟ್, 88 ಎಸೆತ, 760 ಯಾರ್ಡ್ ಇದ್ದರೆ 22% ಮತ್ತು 1.9. ರೂಟ್‌ಗೆ 1.8 ದಾಟಿದ ರೂಕಿ ಮೇಲೆ ಭರವಸೆ ಇಡಬಹುದು; 2 ದಾಟಿದರೆ ಆರಂಭದ ಅಂಕಿ ಏನೇ ಇದ್ದರೂ 60ಕ್ಕಿಂತ ಮೇಲೆ ಏರಿಸಿ. ಎರಡನೇ ಸುತ್ತಿನ ಎ.ಜೆ. ಬ್ರೌನ್ 2019ರಲ್ಲಿ, ಜೆಫರ್ಸನ್ 2020ರಲ್ಲಿ 2.5ನ್ನೂ ಮೀರಿದ್ದರು. ಮೊದಲ ಸುತ್ತಿನವನು 1.2ರ ಕೆಳಗಿದ್ದರೆ 20ಕ್ಕೆ ಇಳಿಸಿ.

ಆದರೆ ಇನ್ನೂರು ರೂಟ್ ಆಗುವವರೆಗೆ ಕೈ ಕಟ್ಟಿಕೊಂಡಿರಿ. ಮಾರ್ವಿನ್ ಹ್ಯಾರಿಸನ್ ಜೂನಿಯರ್ 2024ರ ಮೊದಲ ಪಂದ್ಯದಲ್ಲಿ 1 ಕ್ಯಾಚ್, 4 ಯಾರ್ಡ್. ಎರಡನೆಯದರಲ್ಲಿ 130 ಯಾರ್ಡ್, 2 ಟಚ್‌ಡೌನ್. ಸೀಸನ್ 885ಕ್ಕೆ ಮುಗಿಯಿತು, ಎರಡೂ ಪಂದ್ಯ ಹೇಳಿದ್ದರ ನಡುವೆ. ಜೆಫರ್ಸನ್ ಕೂಡ ಮೊದಲ ಎರಡು ಪಂದ್ಯ ಸೇರಿ 70 ಯಾರ್ಡ್ ಗಳಿಸಿ, ಮೂರನೆಯದರಲ್ಲಿ 175 ಹೊಡೆದ.

ಇಡೀ ಸೀಸನ್ ಸರಾಸರಿಯ ಜೊತೆ ಎರಡನೇ ಅರ್ಧವನ್ನು ಬೇರೆ ಮಾಡಿ ನೋಡಿ. 2021ರಲ್ಲಿ ಡೆಟ್ರಾಯಿಟ್‌ನ ಅಮೊನ್-ರಾ ಸೇಂಟ್ ಬ್ರೌನ್, 112ನೇ ಆಯ್ಕೆ, ಮೊದಲ 11 ಪಂದ್ಯಗಳಲ್ಲಿ 39 ಕ್ಯಾಚ್, 352 ಯಾರ್ಡ್. ಕೊನೆಯ ಆರರಲ್ಲಿ 51 ಕ್ಯಾಚ್, 560 ಯಾರ್ಡ್, 5 ಟಚ್‌ಡೌನ್. ಬೇರೆಯವರ ಗಾಯದಿಂದ ಸಿಕ್ಕ ಅವಕಾಶ ಎಂದು ತಳ್ಳಿಹಾಕಿದವರಿದ್ದರು. ಮರುವರ್ಷ ಅವನು 106 ಕ್ಯಾಚ್ ಹಿಡಿದ. ಅವಕಾಶ ಹೇಗೆ ಸಿಕ್ಕಿತೆಂಬುದಕ್ಕಿಂತ, ಸಿಕ್ಕಾಗ ರೂಟ್‌ಗೊಂದಕ್ಕೆ ಚೆಂಡು ಬರುವ ಪ್ರಮಾಣ ಉಳಿಯಿತೇ ಕುಸಿಯಿತೇ ಎಂಬುದು ಮುಖ್ಯ.

ಎರಡೂ ಕಡೆ ಅಪವಾದಗಳಿವೆ. ಮೈಕೆಲ್ ಕ್ಲೇಟನ್ 2004ರ ರೂಕಿ ವರ್ಷ 1,193 ಯಾರ್ಡ್ ಗಳಿಸಿ ಮುಂದೆ ಯಾವ ಸೀಸನ್‌ನಲ್ಲೂ 500 ಮುಟ್ಟಲಿಲ್ಲ. ದವಾಂಟೆ ಆಡಮ್ಸ್ ಮೊದಲ ಎರಡು ವರ್ಷ 446, 483 ಎಂದು ತೆವಳಿ, 2016ರಲ್ಲಿ 997 ಯಾರ್ಡ್, 12 ಟಚ್‌ಡೌನ್‌ಗೆ ಎದ್ದ. ಹಾಗಾಗಿ ಎರಡನೇ ವರ್ಷದ ಕೊನೆಗೂ 5ಕ್ಕಿಂತ ಕೆಳಗೆ ಅಥವಾ 95ಕ್ಕಿಂತ ಮೇಲೆ ಹೋಗಬೇಡಿ.

ಮೂರು ವರ್ಷದ ನಂತರ ತಾಳೆ

ಮೊದಲ ಸುತ್ತಿನ ಆಟಗಾರನ ಐದನೇ ವರ್ಷದ ಒಪ್ಪಂದ ಬೇಕೋ ಬೇಡವೋ ಎಂದು ತಂಡ ನಿರ್ಧರಿಸುವುದು ಮೂರನೇ ಸೀಸನ್ ಮುಗಿದ ಮೇಲೆ, ಮೇ ತಿಂಗಳ ಆರಂಭದೊಳಗೆ. ನಿಮ್ಮ ಹಳೆಯ ಪಟ್ಟಿ ತೆರೆಯಲು ಅದೇ ಸರಿಯಾದ ಸಮಯ. ಪ್ರತಿ ಆಟಗಾರನಿಗೆ ನೀವು ಕೊಟ್ಟ ಶೇಕಡಾವನ್ನು ದಶಮಾಂಶ ಮಾಡಿ, ಗೆದ್ದಿದ್ದರೆ 1ರಿಂದ, ಸೋತಿದ್ದರೆ 0ಯಿಂದ ಕಳೆದು ವರ್ಗ ಮಾಡಿ. 70% ಕೊಟ್ಟವನು ಸೋತರೆ 0.49, 40% ಕೊಟ್ಟವನು ಸೋತರೆ 0.16. ಎಲ್ಲರ ಸರಾಸರಿ ಕಡಿಮೆಯಿದ್ದಷ್ಟೂ ಒಳ್ಳೆಯದು.

ಹೋಲಿಕೆಗೆ ಒಂದು ಗೆರೆ ಬೇಕು. 2014ರಿಂದ 2017ರ ಆ 18 ಮಂದಿಯಲ್ಲಿ ಎಂದಾದರೂ ಸಾವಿರ ದಾಟಿದವರು 8, ಅಂದರೆ 44%. ಏನೂ ನೋಡದೆ ಎಲ್ಲರಿಗೂ 44% ಎಂದು ಬರೆದಿದ್ದವನಿಗೆ ಸರಾಸರಿ 0.247 ಬರುತ್ತದೆ. ವಿಡಿಯೊ, ವಯಸ್ಸು, ಪಾಲು ಎಲ್ಲ ಅರೆದು ಕುಡಿದ ಮೇಲೂ ನಿಮ್ಮದು 0.26 ಬಂದರೆ, ಎಲ್ಲೋ ಒಂದು ಕಡೆ ಅಂಕಿಗಳನ್ನು ಅತಿಯಾಗಿ ಎಳೆದಾಡಿದ್ದೀರಿ. ಸಾಮಾನ್ಯವಾಗಿ ಅದು ವಿಡಿಯೊ ಅಂಕಣದಲ್ಲಿ ಸಿಗುತ್ತದೆ: ಇಷ್ಟವಾದ ಆಟಗಾರನಿಗೆ 8ರ ಬದಲು 25 ಕೊಟ್ಟಿರುತ್ತೀರಿ. ಆ ಅಂಕಣವೊಂದನ್ನು ಅಳಿಸಿ ಮತ್ತೆ ಲೆಕ್ಕ ಹಾಕಿ. ಸರಾಸರಿ ಇಳಿದರೆ ಮುಂದಿನ ಡ್ರಾಫ್ಟ್‌ಗೆ ಅದರ ಮಿತಿಯನ್ನು 4ಕ್ಕೆ ತನ್ನಿ.